ಹನ್ನೆರಡೂ ತಿಂಗಳು ತೆರೆದಿರುವ ವ್ಯಾಯಾಮ ಮಂದಿರ

ವ್ಯಾಯಾಮ ಮಾಡಿಸುವವನ ಬಾಳಿನಲ್ಲಿ ನಗುವಿಗೆ ಬರವಿಲ್ಲ. ವ್ಯಾಯಾಮ ಮಾಡುವವರಿಗೇ ಬರ. ಮೂವತ್ತು ವರ್ಷಕ್ಕೂ ಮೇಲೆ ಬೀಳಗಿ, ಮುಧೋಳ, ಜಮಖಂಡಿ ಎಂದು ಸಾಲೆಯಿಂದ ಸಾಲೆಗೆ ವರ್ಗವಾಗುತ್ತ ಡ್ರಿಲ್ ಮಾಸ್ತರಿಕೆ ಮಾಡಿದವನು ನಾನು. ಸೀಟಿ ಊದಿದರೆ ಮೈದಾನದ ತುಂಬ ಮಕ್ಕಳ ಕೈಗಳು ಒಮ್ಮೆಗೇ ಮೇಲೇಳುತ್ತಿದ್ದವು. ನಿವೃತ್ತನಾಗಿ ಬನಹಟ್ಟಿಗೆ ಬಂದು ಇಲ್ಲಿನ ವ್ಯಾಯಾಮ ಮಂದಿರದ ಉಸ್ತುವಾರಿ ಹಿಡಿದ ಮೇಲೆ, ಅದೇ ಸೀಟಿಗೆ ಓಣಿಯ ನಾಯಿಗಳು ಮಾತ್ರ ಎದ್ದು ನಿಲ್ಲುತ್ತವೆ.

ಮಂದಿರವೇನೂ ಸಣ್ಣದಲ್ಲ. ದೊಡ್ಡ ಹಾಲು, ಅದರೊಳಗೆ ಬ್ಯಾಡ್ಮಿಂಟನ್ ಆಡುವ ಜಾಗ, ನಿಂತಲ್ಲೇ ನಡೆಸುವ ಟ್ರೆಡ್‌ಮಿಲ್, ಎರಡು ಸೈಕಲ್, ಡಂಬೆಲ್ಸು, ತೂಕದ ಯಂತ್ರ, ಒಂದು ಕೇರಂ ಬೋರ್ಡು. 'ಮಳೆ, ಚಳಿ, ಬಿಸಿಲು ಏನೇ ಇರಲಿ, ಹನ್ನೆರಡೂ ತಿಂಗಳು ತೆರೆದಿದೆ' ಎಂದು ಬಾಗಿಲ ಮೇಲೆ ಬರೆಸಿದ್ದಾರೆ. ತೆರೆಯುವುದು ನನ್ನ ಕೆಲಸ, ಅದನ್ನು ತಪ್ಪದೆ ಮಾಡುತ್ತ ಬಂದಿದ್ದೇನೆ.

ಕಳೆದ ದೀಪಾವಳಿಯ ಹೊತ್ತಿಗೆ ಮಂದಿರದ ಕಮಿಟಿಯ ಅಧ್ಯಕ್ಷರಿಗೆ ಒಂದು ವಿಚಾರ ಹೊಳೆಯಿತು. ಅವರು ಸೀರೆಯ ದೊಡ್ಡ ವ್ಯಾಪಾರಿ, ಎಲ್ಲರೂ ಸಾವಕಾರರು ಎನ್ನುತ್ತಾರೆ. "ಮಂದಿ ಬರೂದಿಲ್ಲಂದ ಮ್ಯಾಲ ಇದನ್ನ ಮಂಗಲ ಕಾರ್ಯಾಲಯ ಮಾಡೂಣು. ಮದವಿಗೆ ಯಾರನ್ನೂ ಸೀಟಿ ಊದಿ ಕರಿಯೂದು ಬೇಕಾಗಿಲ್ಲ," ಎಂದು ನನ್ನ ಕಡೆ ನೋಡಿದರು. ಆದರೆ ಜಾಗ ದಾನ ಕೊಟ್ಟವರು ರಬಕವಿಯ ಒಬ್ಬ ಅಜ್ಜ. ಎಳವೆಯಿಂದ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತು ಮೇಲೆ ಬಂದವರು. ಅವರು ಒಪ್ಪದೆ ಒಂದು ಇಟ್ಟಂಗಿಯನ್ನೂ ಕದಲಿಸುವಂತಿರಲಿಲ್ಲ. ಅಜ್ಜ ಹೇಳಿದ್ದು ಇಷ್ಟೇ: "ಮುಂದಿನ ದಸರಾದ ತನಕ ನೋಡೂಣು. ಒಂದಿನ ಬಂದು ಕಣ್ಣಾರೆ ನೋಡತೀನಿ. ಮಂದಿ ಇದ್ರ ಮಂದಿರ, ಇಲ್ಲಂದ್ರ ಕಾರ್ಯಾಲಯ."

ಅವತ್ತಿನಿಂದ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ನಿವೃತ್ತನಾದ ಡ್ರಿಲ್ ಮಾಸ್ತರನಿಗೆ ಮೈದಾನವೂ ಇಲ್ಲ, ಮಂದಿರವೂ ಇಲ್ಲ ಎಂದರೆ ಉಳಿಯುವುದು ಕಟ್ಟೆ ಮೇಲಿನ ಹರಟೆಯೊಂದೇ. ಅದಂತೂ ನನ್ನ ಮೈಗೆ ಒಗ್ಗದು.

ಮಗ್ಗದ ವೇಗ

ಮಂದಿಯನ್ನು ಸೆಳೆಯಲು ಮೊದಲು ಟ್ರೆಡ್‌ಮಿಲ್ ಸರಿಪಡಿಸಬೇಕಿತ್ತು. ಅದು ನಡುನಡುವೆ ಉಸಿರು ಬಿಟ್ಟು ನಿಲ್ಲುತ್ತಿತ್ತು. ವಿದ್ಯುತ್ ಮಗ್ಗಗಳನ್ನು ರಿಪೇರಿ ಮಾಡುವವರಿಗೆ ನಮ್ಮಲ್ಲಿ ಜಾಬರ್ ಎನ್ನುತ್ತಾರೆ. ಓಣಿಯ ಜಾಬರನನ್ನು ಕರೆದೆ. ಅವನು ಯಂತ್ರಕ್ಕೆ ಕಿವಿ ಹಚ್ಚಿ ಕೇಳಿ, ಬೆಲ್ಟು ಜಗ್ಗಿ ನೋಡಿ, "ನಾಳಿ ಮುಂಜಾನೆ ಬರ್ರಿ ಸರ, ಕುದರಿ ಆಗಿರತೈತಿ," ಎಂದ.

ಮರುದಿನ ಅದನ್ನು ಉದ್ಘಾಟಿಸಲು ಸಾವಕಾರರೇ ಬಂದರು. ಬಿಳಿ ಧೋತರ, ಹೆಗಲ ಮೇಲೆ ಶಾಲು, ಮೊಬೈಲ್ ಹಿಡಿದು ಫೋಟೊ ತೆಗೆಯಲು ಇಬ್ಬರು ಜೊತೆಗೆ. ಸಾವಕಾರರು ಮೇಲೆ ಹತ್ತಿ ಕೈ ಮುಗಿದು ನಿಂತರು. ಜಾಬರ್ ಗುಂಡಿ ಒತ್ತಿದ. ಆಮೇಲೆ ನಮಗೆ ಕಂಡದ್ದು ಶಾಲು ಮಾತ್ರ. ಸಾವಕಾರರು ಆಗಲೇ ಹಿಂದಿನ ಕೇರಂ ಬೋರ್ಡಿನ ಮೇಲೆ ಕುಳಿತಿದ್ದರು.

"ಏನ್ ಮಾಡಿದಿಲೇ?" ಎಂದು ಚೀರಿದೆ.

"ಭಾಳ ಸಾವಕಾಶ ಸುರು ಆಗತಿತ್ರಿ ಸರ. ನಿಧಾನ ಮಾಡೋ ಡಬ್ಬಿ ಒಂದಿತ್ತು, ತಗದ ಒಗದೇನಿ. ಮಗ್ಗ ಅಂದ್ರ ಗುಂಡಿ ಒತ್ತಿದ ಕೂಡಲೆ ಹಿಡೀಬೇಕ್ರಿ."

ಸಾವಕಾರರನ್ನು ನಾಲ್ವರು ಎತ್ತಿ ನಿಲ್ಲಿಸಿದೆವು. ಪುಣ್ಯಕ್ಕೆ ಪೆಟ್ಟಾಗಿರಲಿಲ್ಲ. ಜಾಬರ್ ಅವರ ಧೋತರದ ಧೂಳು ಝಾಡಿಸುತ್ತ ಸಮಾಧಾನ ಹೇಳಿದ: "ಮಷಿನ್ ಛಲೋ ಐತ್ರಿ ಸಾವಕಾರ್ರ. ನೀವು ಇಳಿಯೂದ್ರಾಗ ಸೀರಿ ಮಗ್ಗ ಆಗಿದ್ರ ಎರಡು ಮೊಳ ನೇದ ಬಿಡತಿತ್ತು."

ಮಳೆಗಾಲದ ಜಾಳಿಗೆ

ಡಬ್ಬಿಯನ್ನು ಮತ್ತೆ ಹಚ್ಚಿಸಿದೆ. ಆದರೆ ಸುದ್ದಿ ಊರೆಲ್ಲ ಹಬ್ಬಿ, ಟ್ರೆಡ್‌ಮಿಲ್ ಹತ್ತಿರ ಯಾರೂ ಸುಳಿಯಲಿಲ್ಲ. ಮಳೆಗಾಲ ಬಂತು. ಹೊರಗೆ ನಡೆಯಲಾಗದವರು ಒಳಗಾದರೂ ಬಂದಾರು ಎಂದು ಆಸೆಯಿಂದ ಬ್ಯಾಡ್ಮಿಂಟನ್ ನೆಟ್ ಬಿಗಿಯಾಗಿ ಕಟ್ಟಿಸಿದೆ. ಮೂರನೆಯ ದಿನ ಬಾಗಿಲು ತೆರೆದು ಅರ್ಧ ತಾಸಿಗೆ ಹಾಲು ತುಂಬಿತು. ನನ್ನ ಎದೆಯೂ ತುಂಬಿತು. ನೋಡಿದರೆ ಓಣಿಯ ನೇಕಾರ ಹೆಂಗಸರೆಲ್ಲ ಗಂಜಿ ಹಚ್ಚಿದ ನೂಲನ್ನು ತಂದು ನೆಟ್ ಮೇಲೆ, ಸೈಕಲ್ ಮೇಲೆ, ಕಿಟಕಿಯ ಸರಳುಗಳಿಗೆ ಒಣಹಾಕುತ್ತಿದ್ದರು.

"ಯವ್ವಾ, ಇದು ಆಡೂ ಜಾಳಗಿ!" ಎಂದೆ.

ಅವರಲ್ಲಿ ಹಿರಿಯಳಾದ ಆಯಿ ಶಾಂತವಾಗಿ ಹೇಳಿದಳು, "ಹೊರಗ ಮಳಿ ಹತ್ತೇತಪ್ಪಾ. ಹೆಂಗೂ ನಿನ್ನ ಜಾಳಗಿ ಖಾಲಿನ ಇತ್ತಲ್ಲ."

ಅಂದು ಸಂಜೆಯೇ, ಬೇರೆ ಊರಿನಿಂದ ವರ್ಗವಾಗಿ ಬಂದಿದ್ದ ಬ್ಯಾಂಕಿನ ಇಬ್ಬರು ನೌಕರರು ರ‍್ಯಾಕೆಟ್ ಹಿಡಿದು ಬರಬೇಕೆ! ನನ್ನ ಖರೆ ಖರೆ ಗಿರಾಕಿಗಳು. ನೆಟ್‌ನ ತುದಿಯಲ್ಲಿ ಒಂದಿಷ್ಟು ಜಾಗ ಮಾಡಿಕೊಟ್ಟೆ. ನಾಲ್ಕನೆಯ ಹೊಡೆತಕ್ಕೆ ಶಟಲ್ ಕಾಕ್ ನೂಲಿನೊಳಗೆ ಸಿಕ್ಕಿಕೊಂಡಿತು. ಒಬ್ಬಾತ ಅದನ್ನು ಜಗ್ಗಿದ, ನಾಲ್ಕೆಳೆ ಹರಿದವು. ಮೂಲೆಯಲ್ಲಿ ಕೂತಿದ್ದ ಆಯಿ ಸೀರೆಯ ಕಚ್ಚೆ ಬಿಗಿದು ಎದ್ದಳು, ಅವನ ಕೈಯ ರ‍್ಯಾಕೆಟ್ ಕಸಿದುಕೊಂಡಳು, ಇಬ್ಬರನ್ನೂ ಹಾಲಿನ ಸುತ್ತ ಏಳು ಸುತ್ತು ಅಟ್ಟಾಡಿಸಿದಳು. ಆ ಮಳೆಗಾಲದಲ್ಲಿ ನಮ್ಮ ಮಂದಿರದಲ್ಲಿ ನಡೆದ ವ್ಯಾಯಾಮ ಅದೊಂದೇ, ಮತ್ತು ಮೂವರಲ್ಲಿ ಏದುಸಿರು ಬಿಡದೆ ಉಳಿದವಳು ಆಯಿ ಒಬ್ಬಳೇ.

ಮುಯ್ಯಿ

ಹೊಲದ ಕೆಲಸದಲ್ಲಿ ಮುಯ್ಯಾಳು ಎಂಬ ಪದ್ಧತಿಯಿದೆ. ಇಂದು ನಾನು ನಿನ್ನ ಹೊಲಕ್ಕೆ ದುಡಿಯಲು ಬರುತ್ತೇನೆ, ನಾಳೆ ನೀನು ನನ್ನ ಹೊಲಕ್ಕೆ ಬಾ ಎಂಬ ಹಳೆಯ ಒಪ್ಪಂದ. ಒಳ್ಳೆಯ ಪದ್ಧತಿಯೇ. ಅದು ವ್ಯಾಯಾಮ ಮಂದಿರಕ್ಕೂ ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಕಬ್ಬು ಬೆಳೆಯುವ ಇಬ್ಬರು ರೈತರಿಗೆ ಡಾಕ್ಟರು ಸಕ್ಕರೆ ಕಾಯಿಲೆ ಎಂದು ಹೇಳಿ ನನ್ನ ಕಡೆ ಕಳಿಸಿದರು. ದಿನಕ್ಕೆ ಮೂವತ್ತು ಬಸ್ಕಿ ಎಂದು ಗೊತ್ತುಮಾಡಿದೆ. ಮೊದಲ ದಿನ ಒಬ್ಬನೇ ಬಂದ. ಮೂವತ್ತಾದ ಮೇಲೂ ನಿಲ್ಲಿಸಲಿಲ್ಲ. ಎಂಥ ಹುಮ್ಮಸ್ಸಿನ ಮನುಷ್ಯ ಎಂದು ಬೆನ್ನು ಚಪ್ಪರಿಸಿದೆ.

"ಇವು ನನ್ನವಲ್ರಿ ಸರ," ಎಂದ ಆತ ಏಳುತ್ತ ಕೂಡುತ್ತ. "ಅವಂಗ ಇವತ್ತ ನೀರ ಹಾಯಿಸೂ ಪಾಳಿ ಐತ್ರಿ. ಅವನ ಮೂವತ್ತೂ ನಾನ ಹೊಡದ ಹೊಕ್ಕೇನಿ. ನಾಳಿ ನನ್ನವು ಅಂವ ಹೊಡೀತಾನ."

ಮರುದಿನ ಎರಡನೆಯವನು ನಿಷ್ಠೆಯಿಂದ ಬಂದು ಅರವತ್ತು ಹೊಡೆದು ಸಾಲ ತೀರಿಸಿದ. ಹೀಗೆ ಮಾಡಬಾರದು, ಅವರವರ ಬಸ್ಕಿ ಅವರವರೇ ಹೊಡೆಯಬೇಕು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. "ಮಾತ ಕೊಟ್ಟೇವಲ್ರಿ," ಎಂದರು. ಬರಬರುತ್ತ ಎರಡನೆಯವನಿಗೆ ನೀರಿನ ಪಾಳಿ ಹೆಚ್ಚಾಯಿತು, ಮೊದಲನೆಯವನೇ ಒಂದೂವರೆ ತಿಂಗಳು ಇಬ್ಬರ ಪಾಲನ್ನೂ ಹೊಡೆದ. ಆಮೇಲೆ ಇಬ್ಬರೂ ರಕ್ತ ತಪಾಸಣೆ ಮಾಡಿಸಿದರು. ಹೊಡೆದವನ ಸಕ್ಕರೆ ಇಳಿದಿತ್ತು, ಹೊಡೆಯದವನದು ಏರಿತ್ತು.

ಹೊಡೆಯದವನು ಆ ಚೀಟಿ ಹಿಡಿದು ನನ್ನ ಮುಂದೆ ನಿಂತು ಸಿಟ್ಟಿನಿಂದ ಕೇಳಿದ: "ನ್ಯಾಯ ಹೇಳ್ರಿ ಸರ. ನನ್ನ ಮೂವತ್ತರದ್ದೂ ಇಂವಾ ಒಬ್ಬನ ಇಳಿಸ್ಕೊಂಡ್ರ ಹೆಂಗ?"

ಜೋಡಿ ಊಟ

ಇನ್ನಿಬ್ಬರು ಗೆಳೆಯರಿದ್ದರು. ಒಬ್ಬರು ತೇರದಾಳ ಕಡೆಯ ಜೈನ ವ್ಯಾಪಾರಿ, ಹೊತ್ತು ಮುಳುಗಿದ ಮೇಲೆ ಅಗುಳು ಮುಟ್ಟದವರು. ಇನ್ನೊಬ್ಬರು ನಮ್ಮೂರ ನೇಕಾರರು, ಹೊಟ್ಟೆ ಅವರಿಗಿಂತ ಮುಂಚೆ ಬಾಗಿಲೊಳಗೆ ಬರುತ್ತಿತ್ತು. ವ್ಯಾಪಾರಿಗಳು ಕಡ್ಡಿಯಂತೆ ಸಪೂರ. ಅವರನ್ನು ತೋರಿಸಿ ನಾನು, "ನೋಡ್ರಿ, ಸಂಜಿಗೆ ಲಗೂನ ಊಟ ಮಾಡೂ ರೂಢಿ. ಇವರಂಗ ಮಾಡ್ರಿ," ಎಂದು ನೇಕಾರರಿಗೆ ಬುದ್ಧಿ ಹೇಳಿದೆ. ನೇಕಾರರು ಒಪ್ಪಿದರು. ದಿನಾ ಸಂಜೆ ನಾಲ್ಕೂವರೆಗೆ ಇಬ್ಬರೂ ಸೈಕಲ್ ತುಳಿದು, ಜೊತೆಯಾಗಿಯೇ ವ್ಯಾಪಾರಿಗಳ ಮನೆಗೆ ಊಟಕ್ಕೆ ಹೋಗತೊಡಗಿದರು.

ತಿಂಗಳು ಕಳೆಯಿತು. ತೂಕದ ಯಂತ್ರದ ಮುಳ್ಳು ಹಿಂದೆ ಬರುವ ಬದಲು ಮುಂದೆ ಹೋಯಿತು. ಯಂತ್ರ ಕೆಟ್ಟಿದೆಯೇನೋ ಎಂದು ಜಾಬರನನ್ನು ಕರೆಸಬೇಕೆನ್ನುವಷ್ಟರಲ್ಲಿ ನೇಕಾರರ ಹೆಂಡತಿಯೇ ಬಂದರು.

"ಏನ ಕಲಸೀರಿ ಸರ ನಮ್ಮನಿಯವರಿಗೆ? ಸಂಜಿಮುಂದ ದೋಸ್ತರ ಮನ್ಯಾಗ ಉಂಡ ಬರತಾರ. ನಮ್ಮನಿ ಪದ್ಧತಿ ಬಿಡಬಾರದಂತ ಹೇಳಿ ಮತ್ತ ಒಂಬತ್ತಕ್ಕ ನಮ್ಮ ಸಂಗಾಟ ಉಣತಾರ. ಒಂದು ವ್ಯಾಯಾಮ ಬಿಡಸ್ರಿ, ಇಲ್ಲಾ ದೋಸ್ತರನ್ನ ಬಿಡಸ್ರಿ!"

ನೇಕಾರರಿಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದೆ. ಅವರು ಒಂದು ಗಳಿಗೆಯೂ ಯೋಚಿಸಲಿಲ್ಲ. ಈಗಲೂ ದಿನಾ ಸಂಜೆ ಆ ಮನೆಗೆ ಊಟಕ್ಕೆ ಹೋಗುತ್ತಾರೆ. ದಾರಿಯಲ್ಲಿ ಮಂದಿರದ ಮುಂದೆ ಹಾಯುವಾಗ ನನಗೆ ನಮಸ್ಕಾರ ಮಾಡುತ್ತಾರೆ.

ಖಂಡೆ ಪೂಜೆ

ಹೀಗೆ ಹನ್ನೊಂದು ತಿಂಗಳು ಉರುಳಿ ದಸರಾ ಬಂದೇ ಬಿಟ್ಟಿತು. ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ದಿನ ಬೆಳಿಗ್ಗೆ ಏಳಕ್ಕೆ ಅಜ್ಜನನ್ನು ಕರೆತರುವುದಾಗಿ ಸಾವಕಾರರು ಹೇಳಿ ಕಳಿಸಿದರು. ಆ ದಿನ ನಮ್ಮ ಕಡೆ ಮಗ್ಗ, ನೇಗಿಲ ಕುಡ, ಕತ್ತರಿ, ತಕ್ಕಡಿ, ದುಡಿಮೆಯ ಸಾಮಾನು ಯಾವುದನ್ನೂ ಬಳಸುವುದಿಲ್ಲ. ತೊಳೆದು ಪೂಜೆ ಮಾಡಿ, ಮರುದಿನ ಬನ್ನಿ ಹಂಚುವ ತನಕ ಹಾಗೇ ಬಿಡುತ್ತಾರೆ. ಎಲ್ಲರೂ ಮಗ್ಗದ ಮುಂದೆ ಕೂತಿರುವ ದಿನವನ್ನೇ ಸಾವಕಾರರು ಹುಡುಕಿ ಆರಿಸಿದ್ದರು.

ಸೋತ ಮುಖ ಹೊತ್ತು ಆರಕ್ಕೆ ಬಾಗಿಲು ತೆರೆಯಲು ಹೋದರೆ ಹೊರಗೆ ಅರವತ್ತು ಮಂದಿ! ಜಾಬರ್, ಆಯಿ, ಬಸ್ಕಿಯ ರೈತರು, ಜೋಡಿ ಊಟದವರು, ನಾನು ಮುಖವನ್ನೇ ನೋಡಿರದ ಸದಸ್ಯರು. ಕೈಯಲ್ಲಿ ಕಬ್ಬು, ಚೆಂಡು ಹೂವು, ತೆಂಗಿನಕಾಯಿ. ಮಂದಿರದ ಸಾಮಾನಿಗೂ ಪೂಜೆ ಆಗಬೇಕೆಂದು ನನ್ನನ್ನು ಸರಿಸಿ ಒಳಗೆ ನುಗ್ಗಿದರು. ಅರ್ಧ ತಾಸಿನಲ್ಲಿ ಟ್ರೆಡ್‌ಮಿಲ್ ಹಸಿರು ಸೀರೆ ಉಟ್ಟು ನಿಂತಿತು, ಸೈಕಲ್‌ಗಳು ಕಬ್ಬಿನ ಮಂಟಪದೊಳಗೆ ಸೇರಿದವು, ಡಂಬೆಲ್ಸುಗಳು ವಿಭೂತಿ ಧರಿಸಿದವು.

ಮಂಗಳಾರತಿ ಮುಗಿದ ಕೂಡಲೇ ಕೈ ಜೋಡಿಸಿ ಬೇಡಿಕೊಂಡೆ: "ಅಜ್ಜಾರು ಬರಾಕತ್ತಾರ್ರಪ್ಪಾ. ಯಾರರೆ ಒಬ್ಬರು ಇದರ ಮ್ಯಾಲ ನಾಕ ಹೆಜ್ಜಿ ನಡೀರಿ!"

ಜಾಬರ್ ಗಲ್ಲ ಬಡಿದುಕೊಂಡ. "ಶಿವಶಿವಾ! ಪೂಜಿ ಆದ ಮ್ಯಾಲ ಮುಟ್ಟಬಾರದ್ರಿ ಸರ."

"ಹನ್ನೊಂದ ತಿಂಗಳ ಯಾಕ ಮುಟ್ಟಲಿಲ್ಲಲೇ?"

"ಅವಾಗ ಪೂಜಿ ಆಗಿದ್ದಿಲ್ಲಲ್ರಿ."

ಅಷ್ಟರಲ್ಲಿ ಸಾವಕಾರರು ಅಜ್ಜನ ಕೈ ಹಿಡಿದು ಬಂದರು. ಒಳಗೆ ನೋಡಿ ಒಂದು ಕ್ಷಣ ಬೆಚ್ಚಿದರೂ ಬೇಗ ಸಾವರಿಸಿಕೊಂಡರು. "ನೋಡ್ರಿ ಅಜ್ಜಾರ, ಇಷ್ಟ ಮಂದಿ ಕುಂತಾರ, ಒಬ್ಬರರೆ ವ್ಯಾಯಾಮ ಮಾಡಾಕತ್ತಾರೇನು?"

ಅಜ್ಜ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಮೆಲ್ಲಗೆ ಒಳಬಂದು ಟ್ರೆಡ್‌ಮಿಲ್‌ಗೆ ನಮಸ್ಕರಿಸಿದರು. ಕಣ್ಣು ಒದ್ದೆಯಾಗಿತ್ತು. "ಸುಮ್ಮನ ಮೂಲ್ಯಾಗ ಬಿದ್ದ ಸಾಮಾನಕ್ಕ ಯಾರೂ ಪೂಜಿ ಮಾಡಂಗಿಲ್ಲೋ ತಮ್ಮಾ. ಕೈ ಹಚ್ಚಿ ದುಡದದ್ದಕ್ಕ ಮಾಡತಾರ. ವರ್ಷಾನಗಟ್ಟಲೆ ಬೆವರ ಸುರಸದೇ ಇಷ್ಟ ಭಕ್ತಿ ಬರತೈತೇನು?"

ಅರವತ್ತೂ ತಲೆಗಳು ತಗ್ಗಿದವು. ನಾಚಿಕೆಯಿಂದ ಎಂದು ನನಗೆ ಗೊತ್ತು, ವಿನಯದಿಂದ ಎಂದು ಅಜ್ಜ ತಿಳಿದರು. ಅವರು ನನ್ನತ್ತ ತಿರುಗಿದರು. "ಮಾಸ್ತರ, ನೀವು ಖರೆ ಹೇಳ್ರಿ. ದಿನಾ ಮಂದಿ ಹಿಂಗ ಇರತಾರೇನು?"

ಮಕ್ಕಳಿಗೆ ಜೀವಮಾನವಿಡೀ ಸುಳ್ಳು ಹೇಳಬೇಡಿ ಎಂದವನು ನಾನು. ಈ ಮಂದಿರವೂ ಬೇಕು, ಆ ಮಾತೂ ಉಳಿಯಬೇಕು. ಕಣ್ಣು ಮುಚ್ಚಿ ಹೇಳಿಬಿಟ್ಟೆ: "ಇಲ್ರಿ ಅಜ್ಜಾರ. ಇಷ್ಟ ಮಂದಿನ್ನ ನಾ ಇವತ್ತ ಮೊದಲನೇ ಸಲ ನೋಡಾಕತ್ತೇನಿ."

ಅಜ್ಜ ನಕ್ಕುಬಿಟ್ಟರು. "ಮಾಸ್ತರ ಮಂದಿ ಹಿಂಗ. ಎಷ್ಟ ಛಂದ ಮಾಡಿದ್ರೂ ಸಾಲದು ಅಂತಾರ. ಸಾವಕಾರ, ಕಾರ್ಯಾಲಯದ ಮಾತ ಇಲ್ಲಿಗೆ ಬಿಡು. ನಾಡಿದ್ದಿನಿಂದ ನಾನೂ ಮುಂಜಾನೆ ಆರಕ್ಕ ಬರತೀನಿ."

ಸಾವಕಾರರ ಮುಖ ಇಂಗು ತಿಂದವರಂತಾಯಿತು. ನಾನು ಖುಷಿಯಿಂದ ಅಳಬೇಕೋ, ನಾಡಿದ್ದನ್ನು ನೆನೆದು ಅಳಬೇಕೋ ತಿಳಿಯದೆ ಪ್ರಸಾದ ಹಂಚಿದೆ.

ಬನ್ನಿಯ ಮರುದಿನ ಬೆಳಿಗ್ಗೆ ಐದೂವರೆಗೇ ಅರವತ್ತು ಮಂದಿ ಹಾಜರ್. ಅಜ್ಜನೆದುರು ಮಾನ ಹೋಗಬಾರದಲ್ಲ! ಒಬ್ಬರು ಸೈಕಲ್ ತುಳಿದರು, ಒಬ್ಬರು ಬಸ್ಕಿ ಹೊಡೆದರು, ಆಯಿ ಡಂಬೆಲ್ ಎತ್ತಿದಳು. ಟ್ರೆಡ್‌ಮಿಲ್‌ಗೆ ಹನ್ನೆರಡು ಜನರ ಪಾಳಿ. ನನ್ನ ಸೀಟಿಗೆ ಮೈದಾನದ ದಿನಗಳ ಹಾಗೆ ಕೈಗಳೆಲ್ಲ ಒಮ್ಮೆಗೇ ಮೇಲೆದ್ದವು.

ಅಜ್ಜ ಬಂದು ಕಾಲು ತಾಸು ನಿಂತರು. ಎಲ್ಲಿಯೂ ಜಾಗ ಸಿಗಲಿಲ್ಲ. "ಇಷ್ಟ ಗದ್ದಲದಾಗ ನನ್ನಂಥ ಮುದುಕಂದೇನ ಕೆಲಸ? ನಾ ನಮ್ಮ ಅಂಗಳದಾಗ ಅಡ್ಡಾಡತೀನಿ. ನೀವು ಹಿಂಗ ನಡಸ್ರಿ," ಎಂದು ಹರಸಿ ಕಾರು ಹತ್ತಿದರು.

ಕಾರು ತಿರುವಿನಲ್ಲಿ ಮರೆಯಾಯಿತು. ನಾನು ಹೊಸ ಹುರುಪಿನಿಂದ ಸೀಟಿ ಊದುತ್ತ ಒಳಗೆ ತಿರುಗಿದರೆ ಸೈಕಲ್‌ಗಳ ಚಕ್ರಗಳು ಮಾತ್ರ ಇನ್ನೂ ತಿರುಗುತ್ತಿದ್ದವು. ಹಾಲು ಖಾಲಿ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಜಾಬರನನ್ನು ಅಂಗಿ ಹಿಡಿದು ನಿಲ್ಲಿಸಿದೆ. "ಎಲ್ಲಿಗೆ ಹೊಂಟ್ರಿಲೇ ಎಲ್ಲಾರೂ?"

ಅವನು ಮುಖ ತುಂಬ ನಗುತ್ತ ನನ್ನ ಕೈ ಕುಲುಕಿದ. "ವ್ಯಾಯಾಮ ಮಂದಿರ ಉಳೀತಲ್ರಿ ಸರ! ಇನ್ನ ಎಲ್ಲಾರೂ ಆರಾಮ ತಗೋಳೂಣು."