ಊಟ ವಿಚಾರಿಸದ ಆ್ಯಪ್

ಶಿಕಾರಿಪುರದ ನಮ್ಮ ಸಣ್ಣ ಗಾರ್ಮೆಂಟ್ಸ್‌ನಲ್ಲಿ ನಗುವುದಕ್ಕೆ ಕಾರಣ ಹುಡುಕಬೇಕಾಗಿರಲಿಲ್ಲ. ಬೆಳಗಿನ ಆನವಟ್ಟಿ ಬಸ್ಸಿನಲ್ಲಿ ಅದೂ ಜನರ ಜೊತೆಗೇ ಬಂದಿಳಿಯುತ್ತಿತ್ತು. ನಾನಲ್ಲಿ ಎಚ್‌ಆರ್ ಮ್ಯಾನೇಜರ್ ಆಗಿದ್ದೆ. ನಿವೃತ್ತನಾಗಿ ಸೊರಬದ ಮನೆಯಲ್ಲಿ ಕೂತಿರುವ ನನಗೆ ಈಗಲೂ ಆ ಬಸ್ಸಿನ ಹೊತ್ತಿಗೆ ಕಾಲು ನಿಲ್ಲುವುದಿಲ್ಲ.

ನನ್ನ ನೌಕರಿಯ ಕೊನೆಯ ವರ್ಷ ಹೆಡ್ಡಾಫೀಸಿನವರು ಹಾಜರಿ, ರಜೆ, ದೂರು ಎಲ್ಲವನ್ನೂ ನೋಡಿಕೊಳ್ಳುವ ಆ್ಯಪ್ ಕಳಿಸಿದರು. "ಇದು ಸರಿಹೋದರೆ ನಿಮ್ಮ ಹುದ್ದೆ ಬೇಕಾಗೋದಿಲ್ಲ" ಎಂದೂ ಹೇಳಿದರು. ನನ್ನ ಕುರ್ಚಿಗೆ ಕುತ್ತು ತರುವ ಆ್ಯಪನ್ನು ಎಲ್ಲರಿಗೂ ಕಲಿಸುವ ಕೆಲಸವೂ ನನ್ನದೇ!

ಅರಿಶಿನದ ಮುಖ

ಗೇಟಿನಲ್ಲಿ ಮುಖ ನೋಡಿ ಹಾಜರಿ ಹಾಕುವ ಮಷಿನ್ ಬಂತು. ಶ್ರಾವಣ ಶುಕ್ರವಾರ ಹೆಂಗಸರೆಲ್ಲ ಕೆನ್ನೆ ತುಂಬ ಅರಿಶಿನ ಹಚ್ಚಿಕೊಂಡು ಬಂದರು. ಮಷಿನ್ ಒಬ್ಬರನ್ನೂ ಒಳಗೆ ಬಿಡಲಿಲ್ಲ.

"ತೊಳ್ಕೊಂಡು ಬನ್ನಿ" ಎಂದೆ.

"ಹಬ್ಬದ ದಿನ ಅರಿಶಿನ ತೊಳೀ ಅಂತೀರಲ್ರೀ ಸರ್!"

ಅದೂ ಸರಿಯೇ. ಬಹಳ ಬುದ್ಧಿ ಓಡಿಸಿ ಎಲ್ಲರ ಮುಖವನ್ನೂ ಅರಿಶಿನದ ಸಮೇತ ಹೊಸದಾಗಿ ನೋಂದಾಯಿಸಿದೆ. ಶನಿವಾರ ಎಲ್ಲರೂ ಮುಖ ತೊಳೆದುಕೊಂಡು ಬಂದರು. ಮತ್ತೆ ಒಬ್ಬರನ್ನೂ ಬಿಡಲಿಲ್ಲ. ಸೋಮವಾರದಿಂದ ಮಷಿನ್ ಪಕ್ಕ ಒಂದು ಬಟ್ಟಲು ಅರಿಶಿನ ಇಡಿಸಿದೆ.

ಬಾಣಂತನ

ತೊಗರ್ಸಿ ಕಡೆಯ ಕಟಿಂಗ್ ಮಾಸ್ಟರ್ ಮನೆಯಲ್ಲಿ ಕುರಿ ಸಾಕಿದ್ದ. "ಕುರಿ ಈಯೋದೈತಿ ಸರ್, ಎರಡು ದಿನ ರಜ ಬೇಕು" ಎಂದ. "ಇನ್ಮೇಲೆ ಆ್ಯಪಲ್ಲೇ ಹಾಕ್ಬೇಕಪ್ಪ" ಎಂದೆ. ಆತ ಹುಡುಕಿ ಹುಡುಕಿ 'ಹೆರಿಗೆ ರಜೆ' ಒತ್ತಿದ. ಆ್ಯಪ್ ತಕ್ಷಣ ಮಂಜೂರು ಮಾಡಿತು. ವಾರದೊಳಗೆ ಹೆಡ್ಡಾಫೀಸಿನಿಂದ 'ಪುಟ್ಟ ಕಂದನಿಗೆ' ಎಂದು ಉಣ್ಣೆಯ ಕುಲಾವಿಯೂ ಬಂತು.

ಮರುದಿನ ಮಾಸ್ಟರ್ ನನ್ನ ರೂಮಿಗೆ ಬಂದ. "ಕುಲಾವಿ ಸರಿಯಾಗೈತಿ ಸರ್. ಆದ್ರ ಮರಿ ಎರಡದಾವ, ಇನ್ನೊಂದು ಕಳಿಸಾಕ ಹೇಳ್ರಿ."

ಊಟ ಆತಾ?

ನಮ್ಮ ಕಡೆ ಊಟ ವಿಚಾರಿಸದೆ ಯಾರೂ ಮಾತು ಶುರು ಮಾಡುವುದಿಲ್ಲ. ಆ್ಯಪ್ ಮಾತ್ರ ನೇರವಾಗಿ "ನಿಮ್ಮ ದೂರೇನು?" ಎನ್ನುತ್ತಿತ್ತು. ನಮ್ಮ ಹೆಂಗಸರು ಮರ್ಯಾದೆಗೆ ಮೊದಲು "ಊಟ ಆತಾ?" ಎಂದರು.

"ಕ್ಷಮಿಸಿ, ಈ ಪ್ರಶ್ನೆ ಅರ್ಥವಾಗಲಿಲ್ಲ."

"ಊಟ ಕೇಳಿದ್ರೂ ತಿಳಿಯಂಗಿಲ್ಲ, ಇದರ ಮುಂದೆ ಕಷ್ಟ ಏನಂತ ಹೇಳ್ಕೊಳ್ಳೋದು?" ಎಂದು ಎಲ್ಲರೂ ಮೊದಲಿನಂತೆ ನನ್ನ ರೂಮಿಗೇ ಬಂದರು.

ಹೆಡ್ಡಾಫೀಸಿನಲ್ಲಿ ಗಾಬರಿ. ಆ್ಯಪಿನ ದೂರಿನ ಪಟ್ಟಿಯಲ್ಲಿ ಇಡೀ ಯೂನಿಟ್ ಊಟ ಊಟ ಎನ್ನುತ್ತಿದೆ! ಇಬ್ಬರು ಅಧಿಕಾರಿಗಳು ಕ್ಯಾಂಟೀನ್ ತನಿಖೆಗೆ ಓಡಿಬಂದರು. ಗೇಟಿನಲ್ಲಿ ವಾಚ್‌ಮನ್ ಸೆಲ್ಯೂಟ್ ಹೊಡೆದು, "ಊಟ ಆತೇನ್ರೀ ಸರ್?" ಎಂದ.

ಒಬ್ಬರು ಇನ್ನೊಬ್ಬರ ಕಿವಿಯಲ್ಲಿ, "ಪಾಪ, ವಾಚ್‌ಮನ್ನಿಗೂ ಹಾಕಿಲ್ಲ" ಎಂದರು.

ಕ್ಯಾಂಟೀನಿನಲ್ಲಿ ಅವರಿಗೇ ಒತ್ತಾಯ ಮಾಡಿ ಬಡಿಸಿದ ಮೇಲೆ ವಿಷಯ ಬಿಡಿಸಿ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, "ಈ ಜನಕ್ಕೆ ಮನುಷ್ಯನೇ ಬೇಕು" ಎಂದು ಬರೆದುಕೊಂಡು ಹೋದರು. ನಿವೃತ್ತಿಯವರೆಗೆ ನನ್ನ ಕುರ್ಚಿ ಉಳಿಯಿತು. ಆವತ್ತು ನನ್ನ ಕಣ್ಣು ತುಂಬಿದ್ದು ನಿಜ.

ಮೊನ್ನೆ ಮಧ್ಯಾಹ್ನ ಸೊರಬದ ಮನೆಯಲ್ಲಿ ಒಬ್ಬನೇ ಕೂತಿದ್ದೆ. ಫೋನ್ ಸದ್ದು ಮಾಡಿತು. ಅದೇ ಆ್ಯಪ್! ನನ್ನ ಹೆಸರು ತೆಗೆಯಲು ಮರೆತಿದ್ದಾರೆ, ಆದರೆ ಅದಕ್ಕೆ ನಮ್ಮೂರ ರೀತಿ ಕಲಿಸಿದ್ದಾರೆ.

"ನಮಸ್ಕಾರ. ನಿಮ್ಮ ಊಟ ಆಯಿತೇ?"

"ಆಯ್ತಪ್ಪ. ನಿಂದು?" ಎಂದೆ.

"ಕ್ಷಮಿಸಿ, ಈ ಪ್ರಶ್ನೆ ಅರ್ಥವಾಗಲಿಲ್ಲ."