ಸ್ಕೂಟರಿನ ಮೇಲೆ ಬೆಣ್ಣೆದೋಸೆ

ಸಮಾಜಸೇವೆ ಎಂದರೆ ನಾನು ಮೊದಲಿನಿಂದಲೂ ಸ್ವಲ್ಪ ದೂರ. ರಕ್ತ ಕೊಡಲು ಸೂಜಿಯ ಭಯ, ಗಿಡ ನೆಡಲು ಸೊಂಟ ಬಗ್ಗದು, ಭಾಷಣಕ್ಕೆ ನಿಂತರೆ ನನ್ನ ಶಾಲೆಯ ಮಕ್ಕಳೇ ಆಕಳಿಸುತ್ತಾರೆ. ತಿನ್ನುವುದನ್ನೂ ಸೇವೆಯೆಂದು ಎಣಿಸುವ ಕಾಲ ಬಂದೀತೆಂದು ನಾನು ಕನಸಿನಲ್ಲೂ ನೆನೆಸಿರಲಿಲ್ಲ. ಕೊರೋನಾ ಬಂತು, ಅದರ ಹಿಂದೆಯೇ ಆ ಕಾಲವೂ ಬಂತು. ‘ಊರಿನ ಸಣ್ಣ ಹೋಟೆಲುಗಳನ್ನು ಉಳಿಸಿ’ ಎಂದು ಯಾರೋ ಕಳಿಸಿದ ಸಂದೇಶ ಫೋನಿನಲ್ಲಿ ಕಂಡ ಕೂಡಲೇ, ಇದು ನನ್ನಿಂದ ಆಗುವ ಕೆಲಸ ಅನ್ನಿಸಿತು.

ಯಾವ ಹೋಟೆಲನ್ನು ಉಳಿಸುವುದೆಂದು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಮಂಡಿಪೇಟೆಯ ಓಣಿಯೊಂದರಲ್ಲಿ ಕೊಟ್ರಪ್ಪಣ್ಣನ ಬೆಣ್ಣೆದೋಸೆ ಹೋಟೆಲಿದೆ. ಸೌದೆ ಒಲೆ, ನಾಲ್ಕು ಬೆಂಚು. ಬೋರ್ಡು ಇಲ್ಲ, ಬೇಕಾಗಿಯೂ ಇಲ್ಲ. ದೋಸೆ ಅವನದು, ಪಲ್ಯ ಚಟ್ನಿ ಅವನ ಹೆಂಡತಿ ನಾಗಮ್ಮನದು. ಅವನದೊಂದು ಹಟವಿತ್ತು: ಎಂಥ ದೊಡ್ಡ ಮನುಷ್ಯರು ಕೇಳಿದರೂ ಪಾರ್ಸಲ್ ಕೊಡುತ್ತಿರಲಿಲ್ಲ. “ದೋಸೆ ಹಂಚಿನಿಂದ ತಟ್ಟೆಗೆ, ತಟ್ಟೆಯಿಂದ ಬಾಯಿಗೆ. ನಡುವೆ ಸ್ಕೂಟರ್ ಯಾಕ್ರೀ?” ಎನ್ನುತ್ತಿದ್ದ. ಬೆಣ್ಣೆ ಆರಿ ಮೆತ್ತಗಾದ ದೋಸೆಯನ್ನು ತನ್ನ ಹೆಸರಿನಲ್ಲಿ ಯಾರೂ ತಿನ್ನಬಾರದು ಎಂಬುದು ಅವನ ಮರ್ಯಾದೆಯ ಪ್ರಶ್ನೆ.

ಈಗ ಸರ್ಕಾರ ಪಾರ್ಸಲ್ ಮಾತ್ರ ಕೊಡಬಹುದು ಎಂದಿತ್ತು. ನಾನು ಹೋದಾಗ ಬಾಗಿಲು ಅರ್ಧ ತೆರೆದಿತ್ತು, ಕೊಟ್ರಪ್ಪಣ್ಣ ಆರಿದ ಒಲೆಯ ಮುಂದೆ ಕೂತಿದ್ದ. “ಹರಿಹರದಾಗ ನಮ್ಮ ಭಾಮೈದನ ಹಿಟ್ಟಿನ ಗಿರಣಿ ಐತೆ ಮೇಷ್ಟ್ರೆ. ಬಾ ಅಂತಾನೆ. ಈ ವಾರ ನೋಡ್ತೀನಿ, ಆಮ್ಯಾಲೆ ಬಾಗ್ಲು ಹಾಕ್ಕೊಂಡು ಹೋಗ್ತೀನಿ” ಎಂದ. ನಾಗಮ್ಮ ಉಜ್ಜಿ ಉಜ್ಜಿ ಹೊಳೆಯುತ್ತಿದ್ದ ಹಂಚನ್ನು ಮತ್ತೆ ಉಜ್ಜುತ್ತಿದ್ದರು. ಅದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಸಂಕಟದಲ್ಲಿ ಎರಡು ಪಾಲು ಅವರಿಗಾಗಿ, ಒಂದು ಪಾಲು ನನ್ನ ನಾಲಿಗೆಗಾಗಿ ಇತ್ತೆಂಬುದನ್ನು ಮುಚ್ಚಿಡುವುದಿಲ್ಲ.

“ಪಾರ್ಸಲ್ ಕೊಡಣ್ಣ, ದಿನಾ ನಾನು ಬರ್ತೀನಿ” ಎಂದೆ.

“ನಿಮ್ಮ ಮನಿ ಎಲ್ಲೈತೆ?”

“ಎಂ.ಸಿ.ಸಿ. ಬಿ ಬ್ಲಾಕ್.”

ಅವನು ಕಣ್ಣು ಮುಚ್ಚಿ ದಾರಿಯನ್ನೆಲ್ಲ ಒಮ್ಮೆ ನೆನೆಸಿಕೊಂಡ. “ಅಷ್ಟು ದೂರ ದೋಸೆ ಬದುಕಂಗಿಲ್ಲ ಮೇಷ್ಟ್ರೆ” ಎಂದು, ರೋಗಿಯ ಕೈಬಿಟ್ಟ ವೈದ್ಯನ ಹಾಗೆ ತಲೆಯಾಡಿಸಿದ.

ಪಾಠ ಹೇಳುವವರಿಗೆ ಉಪಾಯ ಹೊಳೆಯುವುದು ಅಪರೂಪ. ಅಂದು ನನಗೆ ಹೊಳೆಯಿತು. ಮನೆಗೆ ಒಯ್ಯುವುದಿಲ್ಲ ಎಂದು ಒಪ್ಪಿಸಿ ಒಲೆ ಹಚ್ಚಿಸಿದೆ, ದೋಸೆ ಕಟ್ಟಿಸಿಕೊಂಡು ಹೊರಬಂದೆ, ಎದುರಿನ ಬೇವಿನ ಮರದ ಕೆಳಗೆ ನಿಲ್ಲಿಸಿದ್ದ ಸ್ಕೂಟರಿನ ಸೀಟಿನ ಮೇಲೆ ಎಲೆಯ ಪೊಟ್ಟಣ ಬಿಚ್ಚಿದೆ, ನಿಂತುಕೊಂಡೇ ತಿಂದೆ. ಕಾನೂನಿನ ಪ್ರಕಾರ ಪಾರ್ಸಲ್, ಕೊಟ್ರಪ್ಪಣ್ಣನ ಪ್ರಕಾರ ಬಿಸಿ. ಅವನು ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ. ದೋಸೆಯ ಅಂಚು ಕರುಂ ಎಂದ ಸದ್ದು ಅವನಿಗೂ ಕೇಳಿಸಿರಬೇಕು, ಒಳಗೆ ಹೋಗಿ ಒಲೆಗೆ ಇನ್ನೆರಡು ಸೌದೆ ತಳ್ಳಿದ.

ಮರುದಿನ ಅಕ್ಕಿ ಮಂಡಿಯ ಗುಮಾಸ್ತರೊಬ್ಬರು ಪಕ್ಕದಲ್ಲಿ ಗಾಡಿ ನಿಲ್ಲಿಸಿದರು. ಆಮೇಲೆ ಔಷಧಿ ಅಂಗಡಿಯವರು, ಆವರಗೆರೆಯಿಂದ ಹಾಲು ತರುವವರು. ಒಂದೊಂದು ಗಾಡಿಗೂ ನಡುವೆ ಆರಡಿ ಜಾಗ. ಒಂದು ದಿನ ಲಾಠಿ ಹಿಡಿದ ಪೇದೆಯೊಬ್ಬರು ಬಂದು “ಏನ್ರೀ ಇದು?” ಎಂದು ಗದರಿದರು. “ಪಾರ್ಸಲ್ ಸರ್” ಎಂದೆವು ಎಲ್ಲರೂ ಒಂದೇ ಬಾಯಲ್ಲಿ. ಅವರು ಸಾಲನ್ನು ಒಮ್ಮೆ, ಹಂಚನ್ನು ಒಮ್ಮೆ ನೋಡಿ, “ಹಂಗಾರೆ ನಂಗೂ ಒಂದು ಪಾರ್ಸಲ್ ಕೊಡ್ರಿ” ಎಂದು ದುಡ್ಡು ತೆಗೆದು ತಮ್ಮ ಬೈಕನ್ನು ಸಾಲಿನ ಕೊನೆಗೆ ನಿಲ್ಲಿಸಿದರು. ಗಿರಣಿಯ ಮಾತನ್ನು ಕೊಟ್ರಪ್ಪಣ್ಣ ಮತ್ತೆ ಎತ್ತಲಿಲ್ಲ.

ತೊಂದರೆಯಾದದ್ದು ನನ್ನ ಮನೆಯಲ್ಲಿ. ನನ್ನ ಹೆಂಡತಿ ಗಿರಿಜಾಗೆ ನಾನು ಹೇಳಿದ್ದು ತರಕಾರಿಗೆ ಹೋಗುತ್ತೇನೆ ಎಂದು. ಹೋಟೆಲಿನ ತಿಂಡಿ ಈಗ ಬ್ಯಾಡವೇ ಬ್ಯಾಡ ಎಂದು ಅವಳು ಖಡಾಖಂಡಿತವಾಗಿ ಹೇಳಿದ್ದಳು. ಹಾಗಾಗಿ ದೋಸೆ ತಿಂದು ಮನೆಗೆ ಬಂದು ಅವಳು ಮಾಡಿದ ಉಪ್ಪಿಟ್ಟನ್ನೂ ಹಸಿದವನಂತೆ ತಿನ್ನಬೇಕಾಗಿತ್ತು. ಸೇವೆಯಲ್ಲಿ ಕಷ್ಟ ಇದ್ದದ್ದೇ ಎಂದು ಸಹಿಸಿದೆ. ಪ್ಯಾಂಟುಗಳು ಸಹಿಸಲಿಲ್ಲ. ಕೊನೆಗೆ ಸಿಕ್ಕಿಬಿದ್ದದ್ದು ಮಾಸ್ಕಿನಿಂದ. ಒಗೆಯಲು ತೆಗೆದುಕೊಂಡವಳು ಮೂಸಿ ನೋಡಿ, “ರೀ, ಬದನೆಕಾಯಿ ತರಾಕೆ ಹೋದ್ರೆ ಮಾಸ್ಕಿಗೆ ಬೆಣ್ಣಿ ಹೆಂಗೆ ಹತ್ತುತ್ತೆ?” ಎಂದಳು.

ನಾನು ಸಣ್ಣ ಹೋಟೆಲುಗಳ ಕಷ್ಟ, ಆರಿದ ಒಲೆ, ನಾಗಮ್ಮನ ಮುಖ ಎಲ್ಲವನ್ನೂ ವಿವರಿಸಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡು, “ಇಂಥಾ ಸೇವೆಗೆ ಹೆಂಡ್ತಿನ ಕರ್ಕೊಂಡು ಹೋಗ್ಬಾರ್ದು ಅಂತ ಏನಾರ ಐತೇನು?” ಎಂದಳು. ಮರುದಿನದಿಂದ ಹಿಂದಿನ ಸೀಟಿನಲ್ಲಿ ಅವಳೂ ಹೊರಟಳು. ನಾಗಮ್ಮನಿಗೂ ಅವಳಿಗೂ ಎಷ್ಟು ಸ್ನೇಹವಾಯಿತೆಂದರೆ, ಅವಳ ದೋಸೆಗೆ ಬೀಳುವ ಬೆಣ್ಣೆಯ ಮುದ್ದೆ ನನ್ನದಕ್ಕಿಂತ ದೊಡ್ಡದಾಯಿತು.

ಕೊರೋನಾ ಹೋಯಿತು, ಶಾಲೆ ತೆರೆಯಿತು. ಒಳಗೆ ಕೂಡಬಹುದು ಎಂದು ಕೊಟ್ರಪ್ಪಣ್ಣ ಬೆಂಚು ಒರೆಸಿಟ್ಟು ಕರೆದರೂ ಜನ ಬೇವಿನ ನೆರಳು ಬಿಡಲಿಲ್ಲ. ಈಗ ಬೆಂಚುಗಳ ಮೇಲೆ ಆಲೂಗಡ್ಡೆ ಚೀಲಗಳು ಕೂತಿವೆ, ಹೋಟೆಲು ರಸ್ತೆಯಲ್ಲಿ ನಡೆಯುತ್ತಿದೆ. ಅದನ್ನು ಕಂಡಾಗೆಲ್ಲ ನನಗೆ ಹೆಮ್ಮೆ. ಆದರೆ ಮೊನ್ನೆ ಡಾಕ್ಟರು ನನ್ನ ರಕ್ತಪರೀಕ್ಷೆಯ ಚೀಟಿ ನೋಡಿ, ಬೆಣ್ಣೆ ಭಾನುವಾರ ಮಾತ್ರ, ಅದೂ ನಡೆದುಕೊಂಡು ಹೋದರೆ ಎಂದರು. ಈ ಭಾನುವಾರ ಗಿರಿಜಾ ಸ್ಕೂಟರಿನಲ್ಲಿ ಮುಂದೆ ಹೋದಳು, “ಜಾಗ ಹಿಡಿದಿರ್ತೀನಿ, ನೀವು ಬರ್ರಿ” ಎಂದು.

ಬಿ ಬ್ಲಾಕಿನಿಂದ ಮಂಡಿಪೇಟೆಯವರೆಗೆ ನಡೆದು, ಬೆವರು ಒರೆಸಿಕೊಳ್ಳುತ್ತ ಬೇವಿನ ಮರದ ಕೆಳಗೆ ಬಂದೆ. ನಮ್ಮ ಸ್ಕೂಟರಿನ ಸೀಟಿನ ಮೇಲೆ ಎರಡು ಖಾಲಿ ಎಲೆಗಳಿದ್ದವು.

“ನಂದೆಲ್ಲಿ?” ಎಂದೆ.

“ಆರಿ ಹೋಗ್ತಿತ್ತು. ಕೊಟ್ರಪ್ಪಣ್ಣನೇ ತಿಂದ್ಬಿಡಕ್ಕ ಅಂದ್ರು” ಎಂದಳು ಗಿರಿಜಾ, ಬೆರಳು ಒರೆಸಿಕೊಳ್ಳುತ್ತ.

ಕೊಟ್ರಪ್ಪಣ್ಣ ಹಂಚಿನ ಮೇಲಿಂದ ತಲೆಯೆತ್ತಿದ. “ನಾ ಅವತ್ತೇ ಹೇಳಿದ್ನಲ್ಲ ಮೇಷ್ಟ್ರೆ, ಅಷ್ಟು ದೂರ ದೋಸೆ ಬದುಕಂಗಿಲ್ಲ. ಇರ್ರಿ, ಇನ್ನೊಂದು ಹಾಕ್ತೀನಿ.”

“ಬ್ಯಾಡ್ರಿ, ಇವ್ರ ಪಾಲಿಂದು ಆತು. ಮನ್ಯಾಗ ಉಪ್ಪಿಟ್ಟು ಮಾಡಿಟ್ಟೀನಿ” ಎಂದು ಗಿರಿಜಾ ಸ್ಕೂಟರ್ ಶುರು ಮಾಡಿದಳು. ನಾನು ಬಂದ ದಾರಿಯಲ್ಲೇ ನಡೆದುಕೊಂಡು ಮನೆಗೆ ಹೊರಟೆ.