ಪಾಲಿಸಿಯಲ್ಲಿ ಇಲ್ಲದ ಕುಂಬಳಕಾಯಿ

ಕಾರಿನ ವಿಮೆ ಮಾರುವವನ ಬಾಳಿನಲ್ಲಿ ನಗುವಂಥ ಪ್ರಸಂಗಗಳಿಗೆ ಬರವಿಲ್ಲ. ಅವು ನಡೆಯುವ ಹೊತ್ತಿಗೆ ಮಾತ್ರ ನಗು ಬರುವುದಿಲ್ಲ, ಅಷ್ಟೆ.

ಅರವತ್ತರ ದಶಕದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರು ತಾಲ್ಲೂಕಿಗೂ ನಮ್ಮ ಕಂಪನಿಯ ಮೋಟಾರು ವಿಮೆಗೆ ನಾನೊಬ್ಬನೇ ಏಜೆಂಟ್. ಇದೇನೋ ದೊಡ್ಡ ಸಾಮ್ರಾಜ್ಯ ಎಂದುಕೊಳ್ಳಬೇಡಿ. ಮೂರೂ ತಾಲ್ಲೂಕಿನ ಸ್ವಂತ ಕಾರಿನವರನ್ನೆಲ್ಲ ಸೇರಿಸಿದರೆ ಮದುವೆ ಊಟದ ಒಂದು ಪಂಕ್ತಿ ತುಂಬುತ್ತಿತ್ತೋ ಇಲ್ಲವೋ. ಅವರ ಕಾರುಗಳಿಗೆ ವಿಮೆ ಮಾಡಿಸಲು ನಾನು ಹೋಗುತ್ತಿದ್ದದ್ದು ಸೈಕಲ್ಲಿನಲ್ಲಿ. ಅದಕ್ಕೆ ವಿಮೆಯೂ ಇರಲಿಲ್ಲ, ಬ್ರೇಕೂ ಇರಲಿಲ್ಲ.

ಇದಕ್ಕೂ ಮೊದಲು ನಾನು ಸಾಗರದ ಒಂದು ಜವಳಿ ಅಂಗಡಿಯಲ್ಲಿ ಬಟ್ಟೆ ಹರಿಯುತ್ತಿದ್ದೆ. ಕೆಲಸ ಬಿಟ್ಟ ದಿನ ಸಾಹುಕಾರರು ಬೈಯಲಿಲ್ಲ. ನನ್ನ ಕೈಯಿಂದ ಗಜದ ಕೋಲು ಇಸಿದುಕೊಂಡು, ಕಪಾಟಿನ ಸಂದಿಯಲ್ಲಿ ಜೋಪಾನವಾಗಿ ನಿಲ್ಲಿಸಿ, “ಇಲ್ಲೇ ಇಟ್ಟಿರ್ತೀನಿ. ವಾಪಸ್ ಬಂದಾಗ ಹುಡುಕೋದು ಬೇಡ” ಎಂದರು. ಆ ಮಾತು ನನಗೆ ಎಷ್ಟು ಚುಚ್ಚಿತೆಂದರೆ, ಆಮೇಲೆ ಎಷ್ಟೋ ದಿನ ಆ ಬೀದಿಯಲ್ಲಿ ಸೈಕಲ್ ಹೊಡೆಯಲಿಲ್ಲ, ಸುತ್ತುಹಾಕಿ ಹೋಗುತ್ತಿದ್ದೆ.

ಪಾಲಿಸಿ ಇರುತ್ತಿದ್ದದ್ದು ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಅದನ್ನು ಗಿರಾಕಿಗೆ ಬಿಡಿಸಿ ಹೇಳುವುದು ನನ್ನ ಕೆಲಸ. ಶಿವಮೊಗ್ಗದ ಆಫೀಸಿನ ಮ್ಯಾನೇಜರು ಮೊದಲ ದಿನವೇ ಹೇಳಿದ್ದರು: “ಏನಕ್ಕೆ ದುಡ್ಡು ಸಿಗುತ್ತೆ, ಏನಕ್ಕೆ ಸಿಗಲ್ಲ ಅಂತ ಸರಿಯಾಗಿ ತಿಳಿಸದೆ ಪಾಲಿಸಿ ಮಾರಿದರೆ ಆಮೇಲೆ ಜನ ಬೈಯೋದು ನಮ್ಮನ್ನ. ಮೂರು ಕ್ಲೇಮು ತಳ್ಳಿಹಾಕಬೇಕಾಗಿ ಬಂತೋ, ಕಂಪನಿ ಕೊಟ್ಟ ಆ ಚರ್ಮದ ಬ್ಯಾಗು ತಂದು ಈ ಮೇಜಿನ ಮೇಲಿಟ್ಟು ಹೋಗಿ.”

ಮೂರು ಎಂದರೆ ಬಹಳ ಆಯಿತು ಎಂದು ಆಗ ಅನ್ನಿಸಿತ್ತು.

೧. ಮೂರನೆಯವನ ಅದೃಷ್ಟ

ನನ್ನ ಮೊದಲ ಗಿರಾಕಿ ಹೊಸನಗರದ ಅಕ್ಕಿ ಗಿರಣಿಯವರು. ಎರಡನೇ ಕೈಯ ಕಾರು ಕೊಂಡಿದ್ದರು. ಕಾನೂನಿಗೆ ಬೇಕಾದಷ್ಟು ಮಾತ್ರ ಸಾಕು, ಅಗ್ಗದ್ದು ಕೊಡಿ ಎಂದರು. ಅಗ್ಗದ್ದೆಂದರೆ ಥರ್ಡ್ ಪಾರ್ಟಿ ಪಾಲಿಸಿ.

“ಹಾಗಂದ್ರೆ ಎಂತದು?”

ನಾನು ಉತ್ಸಾಹದಿಂದ ಬೆರಳು ಮಡಿಸಿದೆ. “ಮೊದಲನೇ ಪಾರ್ಟಿ ನೀವು. ಎರಡನೆಯದು ನಮ್ಮ ಕಂಪನಿ. ಮೂರನೆಯದು ನಿಮ್ಮ ಕಾರು ಯಾರಿಗೆ ಗುದ್ದುತ್ತೋ ಅವರು. ಅವರಿಗೆ ಆದ ನಷ್ಟ ಕಂಪನಿ ಕೊಡುತ್ತೆ.”

“ನನ್ನ ಕಾರು ಜಜ್ಜಿಹೋದ್ರೆ?”

“ಅದಕ್ಕೆ ಈ ಪಾಲಿಸಿಯಲ್ಲಿ ಇಲ್ಲ. ಅದು ಬೇಕಾದರೆ ಪೂರ್ತಿ ಪಾಲಿಸಿ ತಗೋಬೇಕು. ದುಡ್ಡು ಜಾಸ್ತಿ.”

ಅವರು ತಕ್ಕಡಿಗೆ ಒರಗಿದರು. “ಅಲ್ಲ ಮಾರಾಯ್ರೆ, ಕಾರು ಕೊಂಡೋನು ನಾನು. ದುಡ್ಡು ಕಟ್ಟೋನು ನಾನು. ಏನೂ ಕಟ್ಟದೆ ಸುಮ್ನೆ ರಸ್ತೇಲಿ ನಿಂತೋನಿಗೆ ದುಡ್ಡು!”

“ಹೌದು, ಅದೇ ಪಾಲಿಸಿ.”

“ಹಾಗಿದ್ರೆ ಒಂದು ಉಪಕಾರ ಮಾಡಿ. ನನ್ನನ್ನ ಆ ಮೂರನೇ ಪಾರ್ಟಿಗೆ ಸೇರಿಸ್ಕೊಂಡುಬಿಡಿ.”

೨. ತವರಿನ ಎಮ್ಮೆ

ಅವರು ಆ ಆಸೆ ಬಿಟ್ಟಿರಲಿಲ್ಲ ಎಂದು ಗೊತ್ತಾದದ್ದು ನಾಲ್ಕು ತಿಂಗಳ ಮೇಲೆ. ಬರುವಂತೆ ಹೇಳಿಕಳಿಸಿದರು. ಹೋಗಿ ನೋಡಿದರೆ ಅಂಗಳದಲ್ಲಿ ಕಾರು ನಿಂತಿದೆ, ಒಂದು ಕಡೆಯ ಮಡ್‌ಗಾರ್ಡು ಒಳಗೆ ಹೋಗಿದೆ. ಪಕ್ಕದಲ್ಲಿ ಒಂದು ಎಮ್ಮೆ, ಹಿಂಗಾಲಿಗೆ ಅರಿಶಿನದ ಪಟ್ಟಿ ಕಟ್ಟಿಸಿಕೊಂಡು ನಿಶ್ಚಿಂತೆಯಿಂದ ಮೆಲುಕು ಹಾಕುತ್ತಿದೆ.

“ಮೂರನೇ ಪಾರ್ಟಿಗೆ ಗುದ್ದಿದೆ” ಎಂದರು ಗಿರಣಿಯವರು, ಎಮ್ಮೆ ತೋರಿಸಿ. “ಹಿಂಡೋ ಎಮ್ಮೆ. ಹೆದ್ರಿ ಹಾಲು ಬತ್ತಿಸ್ಕೊಂಡಿದೆ. ಬರ್ಕೊಳ್ಳಿ.”

“ಯಾರ ಎಮ್ಮೆ?”

“ನಮ್ಮದೇ.”

“ನಿಮ್ಮ ಕಾರು ನಿಮ್ಮ ಎಮ್ಮೆಗೇ ಗುದ್ದಿದರೆ ಮೂರನೇ ಪಾರ್ಟಿ ಎಲ್ಲಿ ಬಂತು? ಇದಕ್ಕೆ ದುಡ್ಡು ಬರಲ್ಲ.”

ಅವರು ದನಿ ತಗ್ಗಿಸಿದರು. “ನಮ್ಮದು ಅಂದ್ರೆ ನನ್ನದಲ್ಲ. ನನ್ನ ಹೆಂಡ್ತೀದು. ಅವಳ ತವರಿಂದ ಬಂದ ಎಮ್ಮೆ ಸಂತಾನ. ನನಗೂ ಅದಕ್ಕೂ ಸಂಬಂಧ ಇಲ್ಲ.”

ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗು ಬಿಗಿದುಕೊಂಡು ಅಂಗಳಕ್ಕೇ ಇಳಿದರು. “ಏಜೆಂಟ್ರೇ, ಇವ್ರು ಈಗ ಹೇಳಿದ್ರಲ್ಲ, ಅದನ್ನ ಒಂದಕ್ಷರ ಬಿಡದೆ ಬರ್ಕೊಳ್ಳಿ. ಎಮ್ಮೆ ನಂದು ಅಂತ ಹದಿನಾಲ್ಕು ವರ್ಷದಲ್ಲಿ ಇವತ್ತೇ ಒಪ್ಪಿದ್ದು. ಕೆಳಗೆ ಅವ್ರ ಸಹಿ ಹಾಕ್ಸಿ. ನಿಮ್ಮ ಕಂಪನಿ ದುಡ್ಡು ಕೊಟ್ರೂ ಸರಿ, ಬಿಟ್ರೂ ಸರಿ. ಆ ಕಾಗದ ಮಾತ್ರ ನನಗೆ ಕೊಟ್ಟು ಹೋಗಿ!”

ಕ್ಲೇಮು ಬಿದ್ದುಹೋಯಿತು. ಒಂದು.

೩. ಫಲ ಕೊಟ್ಟ ಪಾಲಿಸಿ

ಎಲ್ಲರೂ ಹೀಗೆ ಎನ್ನುವಂತಿಲ್ಲ. ಸಾಗರದ ವಕೀಲರೊಬ್ಬರ ತಾಯಿ ನಮ್ಮ ಪಾಲಿಸಿಯನ್ನು ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ಮಡಿಸಿ ಕಾರಿನ ಕನ್ನಡಿಗೆ ಕಟ್ಟಿಸಿದ್ದರು. ಮರುವರ್ಷ ನಾನು ಹೋದಾಗ ಮಣೆ ಹಾಕಿ ಕೂರಿಸಿ, ಹಾಲು ಕೊಟ್ಟರು. “ನಿಮ್ಮ ಪಾಲಿಸಿ ಭಾರೀ ಒಳ್ಳೇದು ತಮ್ಮಾ. ಕಟ್ಟಿದ ಲಾಗಾಯ್ತು ಕಾರಿಗೆ ಒಂದು ಗೀರು ಬಿದ್ದಿಲ್ಲ. ನಾಲ್ಕು ಮನೆಗೆ ನಾನೇ ಹೇಳಿದೀನಿ.”

ಎದೆಯುಬ್ಬಿಸಿಕೊಂಡು ಹಿತ್ತಲಿಗೆ ಹೋಗಿ ಕಾರು ನೋಡಿದೆ. ಡ್ರೈವರು ಕೆಲಸ ಬಿಟ್ಟು ಹೋಗಿ ಹನ್ನೊಂದು ತಿಂಗಳಾಗಿತ್ತಂತೆ. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು.

೪. ಹುಣಸೆಮರದ ವಿಳಾಸ

ತೀರ್ಥಹಳ್ಳಿಯ ನಿವೃತ್ತ ಹೆಡ್‌ಮಾಸ್ತರರು ಪೂರ್ತಿ ಪಾಲಿಸಿ ತೆಗೆದುಕೊಂಡವರು. ಅವರಿಗೆ ಬಿಡಿಸಿ ಹೇಳುವ ಕಷ್ಟ ನನಗಿರಲಿಲ್ಲ. ಅವರೇ ಕೆಂಪು ಪೆನ್ಸಿಲ್ ಹಿಡಿದು ಮೂರು ದಿನ ಕೂತು ಓದಿದರು, ತಪ್ಪು ಕಂಡಲ್ಲಿ ತಿದ್ದಿದರು, ಕೊನೆಯಲ್ಲಿ ನೂರಕ್ಕೆ ಮೂವತ್ತೆಂಟು ಹಾಕಿ ನನಗೆ ತೋರಿಸಿದರು.

ಒಂದು ದಿನ ಮಂಗಗಳು ಬಂದು ಅವರ ಕಾರಿನ ವೈಪರ್ ಕಿತ್ತು, ಕನ್ನಡಿ ತಿರುಚಿ, ಕಿಟಕಿಯ ರಬ್ಬರು ಎಳೆದುಹಾಕಿದವು. ನಾನು ಸೈಕಲ್ ನಿಲ್ಲಿಸುವ ಮೊದಲೇ ಅವರು ಪಾಲಿಸಿ ಬಿಡಿಸಿ ಹಿಡಿದಿದ್ದರು.

“ಏನಕ್ಕೆ ಕೊಡೋದಿಲ್ಲ ಅನ್ನೋ ಪಟ್ಟಿ ಇಲ್ಲಿದೆ. ಯುದ್ಧ ಇದೆ. ದಂಗೆ ಇದೆ. ಭೂಕಂಪ ಇದೆ. ಮಂಗ ಎಲ್ಲಿದೆ, ತೋರಿಸಿ.”

ಇರಲಿಲ್ಲ. ಆ ಫಾರಂ ಬರೆದ ಪುಣ್ಯಾತ್ಮ ಎಂದೂ ಮಲೆನಾಡಿಗೆ ಬಂದವನಲ್ಲ. ಕ್ಲೇಮ್ ಫಾರಂ ಕೊಟ್ಟೆ. ಮಾಸ್ತರರು ಒಂದು ಕಲಮೂ ಖಾಲಿ ಬಿಡದೆ ತುಂಬಿದರು. ಹಾನಿ ಮಾಡಿದವರ ಹೆಸರು: ಗೊತ್ತಿಲ್ಲ, ಸುಮಾರು ಹದಿನೈದು ಮಂದಿ. ವಿಳಾಸ: ನಮ್ಮ ಮನೆ ಹಿಂದಿನ ಹುಣಸೆಮರ. ಅವರು ತಪ್ಪು ಒಪ್ಪಿಕೊಂಡಿದ್ದಾರೆಯೇ: ಇಲ್ಲ, ಹಲ್ಲು ತೋರಿಸಿದರು.

ಒಂದು ಕಾಗದದಲ್ಲೂ ಸುಳ್ಳು ಬರೆಯದ ಮನುಷ್ಯ. ಮ್ಯಾನೇಜರು ಮಾತ್ರ ಇದು ತಮ್ಮನ್ನು ಅಣಕಿಸಲು ಬರೆದದ್ದು ಎಂದೇ ತಿಳಿದು ಫಾರಂ ಹರಿದುಹಾಕಿದರು. ಎರಡು.

ಹರಿದ ಫಾರಮಿನ ಜೊತೆ ನನಗೆ ಅವರದೊಂದು ಚೀಟಿಯೂ ಬಂತು: “ಇನ್ನೊಂದು ಬಾಕಿ.” ಅದೇ ವಾರ ಬಸ್‌ಸ್ಟ್ಯಾಂಡಿನಲ್ಲಿ ಜವಳಿ ಸಾಹುಕಾರರು ಸಿಕ್ಕಿ, ಕೇಳದೆಯೇ ಹೇಳಿದರು, “ಕೋಲಿಗೆ ಹುಳ ಹಿಡಿದಿಲ್ಲ, ಚೆನ್ನಾಗಿಟ್ಟಿದೀನಿ.” ನನಗೆ ಅಳುವೇ ಬಂತು.

೫. ಬರಿಗೈಲಿ ಇಳಿಯದವರು

ಅರಳಸುರಳಿಯ ಭಟ್ಟರ ಹತ್ತಿರ ಇದ್ದದ್ದು ಹಳೇ ಕಪ್ಪು ಕಾರು. ಸುತ್ತಲಿನ ಹಳ್ಳಿಗಳಿಗೆಲ್ಲ ಅದೊಂದೇ ಕಾರು. ಅವರಿಗೂ ಪೂರ್ತಿ ಪಾಲಿಸಿ ಮಾಡಿಸಿದ್ದೆ. ಒಂದು ಬೆಳಿಗ್ಗೆ ರೈತರೊಬ್ಬರ ಮಗಳಿಗೆ ಹೆರಿಗೆ ನೋವು ಬಂದು, ಭಟ್ಟರು ಅವಳನ್ನೂ ಅವಳ ಅಪ್ಪನನ್ನೂ ಕೂರಿಸಿಕೊಂಡು ತೀರ್ಥಹಳ್ಳಿ ಆಸ್ಪತ್ರೆಗೆ ಹೊರಟರು. ತಿರುವಿನಲ್ಲಿ ದನ ಅಡ್ಡ ಬಂತು. ಕಾರು ಚರಂಡಿಗಿಳಿದು ಮರಕ್ಕೆ ಮೂತಿ ಕೊಟ್ಟಿತು. ಹಿಂದಿನಿಂದಲೇ ಬಂದ ಬಸ್ಸು ಹುಡುಗಿಯನ್ನು ಹತ್ತಿಸಿಕೊಂಡಿತು. ಮಧ್ಯಾಹ್ನಕ್ಕೆ ಗಂಡು ಮಗು, ಇಬ್ಬರೂ ಸುಖ. ಗಾಯವಾದದ್ದು ಕಾರಿಗೆ ಮಾತ್ರ. ಅದನ್ನು ಎತ್ತು ಕಟ್ಟಿ ಭಟ್ಟರ ಅಂಗಳಕ್ಕೆ ಎಳೆದು ತಂದರು. ರಿಪೇರಿಯ ದುಡ್ಡು ಬರದಿದ್ದರೆ ಅದನ್ನು ಗುಜರಿಗೆ ಕೊಡುವುದೇ ಎಂದು ಭಟ್ಟರು ಹೇಳಿದರು. ಹಾಗಾದರೆ ಮುಂದಿನ ಬಸುರಿಗೆ ಎತ್ತಿನ ಗಾಡಿಯೇ ಗತಿ, ನನಗೆ ಗಜದ ಕೋಲೇ ಗತಿ.

“ನಷ್ಟದ ಅಂದಾಜು ಮಾಡುವ ಕಂಪನಿ ಸರ್ವೇಯರ್ ಬಂದು ನೋಡುವ ತನಕ ಕಾರಿನ ಒಂದು ವಸ್ತುವನ್ನೂ ಮುಟ್ಟಬೇಡಿ” ಎಂದು ನಾನು ಹೇಳಿದ್ದೆ. ಭಟ್ಟರು ಅಕ್ಷರಶಃ ಪಾಲಿಸಿದರು.

ನಾಲ್ಕನೇ ದಿನ ಸರ್ವೇಯರ್ ಬಂದರು. ಬಯಲುಸೀಮೆಯವರು, ನಗದ ಮನುಷ್ಯ. ಮುಂಭಾಗವನ್ನೆಲ್ಲ ಅಳೆದು ಬರೆದುಕೊಂಡರು. ಎಲ್ಲ ಸರಿ ಇತ್ತು. ಆಮೇಲೆ ಹಿಂದಿನ ಬಾಗಿಲು ತೆಗೆದರು. ಒಳಗೆ ಒಂದು ದೊಡ್ಡ ಕುಂಬಳಕಾಯಿ, ಎರಡು ತೆಂಗಿನಕಾಯಿ, ನಾಲ್ಕು ದಿನದ ಬಿಸಿಲಲ್ಲಿ ಕಪ್ಪಾದ ಒಂದು ಗೊನೆ ಬಾಳೆಹಣ್ಣು, ಮತ್ತು ಅದಕ್ಕೆ ಮುತ್ತಿದ ಊರಿನ ಅಷ್ಟೂ ಇರುವೆ.

“ಇದೇನು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಕಳ್ಳರಿರಲಿಲ್ಲ. ನೋಡಲು ಸೇರಿದ್ದ ಊರಿಗೆ ಊರೇ ಮುಂದೆ ಬಂತು.

“ಕುಂಬಳಕಾಯಿ ನಂದು ಸ್ವಾಮೀ” ಎಂದ ಹುಡುಗಿಯ ಅಪ್ಪ, ಹೆಮ್ಮೆಯಿಂದ. “ಮಗಳನ್ನ ಕರ್ಕೊಂಡು ಹೊರಟ್ರಲ್ಲ, ಅದಕ್ಕೆ.”

“ಕಾಯಿ ನಾನಿಟ್ಟಿದ್ದು, ಹಿಂದಿನ ದಿನ ಸಂತೆಯಿಂದ ಕರ್ಕೊಂಡ್ ಬಂದ್ರು” ಎಂದಳು ಒಬ್ಬ ಮುದುಕಿ.

“ನಾನು ಹೋದ ತಿಂಗ್ಳು ಒಂದು ಡಬ್ಬಿ ಜೇನುತುಪ್ಪ ಇಟ್ಟಿದ್ದೆ, ಬರೀರಿ” ಎಂದ ಮತ್ತೊಬ್ಬ. ಬರೆದುಕೊಂಡವರಿಗೆ ಸರ್ಕಾರದಿಂದ ಏನೋ ಸಿಗುತ್ತದೆ ಎಂದು ಅವನ ಎಣಿಕೆ ಇರಬೇಕು.

ನಾನು ಸುಮ್ಮನಿರಿ, ಸುಮ್ಮನಿರಿ ಎಂದು ಕಣ್ಣು ಮಿಟುಕಿಸಿದಷ್ಟೂ ಪಟ್ಟಿ ಬೆಳೆಯಿತು. ಸರ್ವೇಯರ್ ನನ್ನ ಕಡೆ ತಿರುಗಿದರು. “ಪಾಲಿಸಿಯಲ್ಲಿ ಏನಿದೆ? ಸ್ವಂತ ಉಪಯೋಗಕ್ಕೆ ಮಾತ್ರ. ಬಾಡಿಗೆಗೋ ಪ್ರತಿಫಲಕ್ಕೋ ಜನರನ್ನು ಕೂರಿಸಿದರೆ ಒಂದು ಕಾಸೂ ಇಲ್ಲ. ಇದು ಪ್ರತಿಫಲ ಅಲ್ಲದೆ ಇನ್ನೇನು?”

“ನಾನು ಕೇಳೋದಿಲ್ಲ ಸಾರ್” ಎಂದರು ಭಟ್ಟರು. “ನಮ್ಮ ಕಡೆ ಎತ್ತಿನ ಗಾಡಿ ಕಾಲದಿಂದ ಹೀಗೇ. ಇನ್ನೊಬ್ರ ಗಾಡಿಯಿಂದ ಯಾರೂ ಬರಿಗೈಲಿ ಇಳಿಯೋದಿಲ್ಲ. ಕೂತ ಜಾಗದಲ್ಲಿ ಏನಾದ್ರೂ ಇಟ್ಟು ಹೋಗ್ತಾರೆ. ವಾಪಸ್ ಕೊಡ್ಲಿಕ್ಕೆ ಹೋದ್ರೆ ಕಾಫಿ ಕುಡ್ಸಿ ಇನ್ನೊಂದು ಕೊಡ್ತಾರೆ.”

ಸರ್ವೇಯರ್ ಬರೆಯುತ್ತಲೇ ಇದ್ದರು. ಭಟ್ಟರ ತಾಯಿ ದೂರದಿಂದ ನೋಡಿ ಮಗನಿಗೆ ಹೇಳಿದರು, “ಎಂತ ಬರೀತಾ ಇದ್ದ ಅಂವ? ಬರದದ್ದು ಸಾಕು, ಊಟಕ್ಕೆ ಬಪ್ಲೆ ಹೇಳು.”

ಊಟವಾಯಿತು. ಎಲೆಯ ಮೇಲಿದ್ದದ್ದು ಅದೇ ಕುಂಬಳಕಾಯಿಯ ಹುಳಿ. ತಪಾಸಣೆ ಮುಗಿಯಿತಲ್ಲ ಎಂದು ಅವರು ಅದನ್ನು ಕೊಯ್ದಿದ್ದರು.

ಸಂಜೆಯ ಬಸ್ಸಿಗೆ ನಮ್ಮಿಬ್ಬರನ್ನು ರಸ್ತೆಯವರೆಗೆ ಬಿಡಲು ಪಕ್ಕದ ಮನೆಯ ಅಜ್ಜ ಗಾಡಿ ಕಟ್ಟಿದ. ಇಳಿದ ಮೇಲೆ ಸರ್ವೇಯರ್ ಬಾಡಿಗೆ ಎಷ್ಟು ಎಂದು ಕೇಳಿದರು. ಅಜ್ಜನಿಗೆ ಸಿಟ್ಟೇ ಬಂತು. “ಬಾಡಿಗೆಯಾ? ನಾನೇನು ಗಾಡಿ ಬಾಡಿಗೆಗೆ ಹೊಡೀತೀನಾ?” ಎಂದು ಎತ್ತು ತಿರುಗಿಸತೊಡಗಿದ.

ಸರ್ವೇಯರ್ ಅಲ್ಲೇ ನಿಂತರು. ಗಾಡಿ ನೋಡಿದರು, ಬಸ್ಸು ಬರುವ ದಾರಿ ನೋಡಿದರು. ಆಮೇಲೆ ಚೀಲ ಬಿಚ್ಚಿ, ಬೆಳಿಗ್ಗೆ ತೀರ್ಥಹಳ್ಳಿಯಲ್ಲಿ ಮಗಳಿಗೆಂದು ಕೊಂಡಿದ್ದ ಬಿಸ್ಕತ್ತಿನ ಪೊಟ್ಟಣ ತೆಗೆದು, ಗಾಡಿಯಲ್ಲಿ ತಾವು ಕೂತಿದ್ದ ಹುಲ್ಲಿನ ಮೇಲೆ ಮೆಲ್ಲಗೆ ಇಟ್ಟರು.

ನನಗೆ ಎಲ್ಲಿಂದ ಧೈರ್ಯ ಬಂತೋ! “ಸಾರ್, ಇದು ಪ್ರತಿಫಲವಾ?”

“ಛೆ! ಆ ಮುದುಕ ಏನಾದ್ರೂ ಕೇಳಿದನೇನ್ರೀ? ಮನುಷ್ಯ ಅಂದಮೇಲೆ ಬರಿಗೈಲಿ ಹೇಗೆ ಇಳಿ…” ಎಂದವರು ಅಲ್ಲಿಗೇ ನಿಲ್ಲಿಸಿದರು. ಅವರ ಮುಖದಲ್ಲಿ ನಗು ನೋಡಿದ್ದು ನಾನು ಅದೊಂದೇ ಸಲ. ಬಸ್ಸಿನಲ್ಲಿ ಕೂತು ಪುಸ್ತಕ ತೆಗೆದು, ಕುಂಬಳಕಾಯಿಯ ಪಟ್ಟಿ ಇದ್ದ ಪುಟವನ್ನು ಪೂರ್ತಿ ಹೊಡೆದುಹಾಕಿದರು.

ಕ್ಲೇಮು ಪಾಸಾಯಿತು. ಬ್ಯಾಗು ನನ್ನ ಹತ್ತಿರವೇ ಉಳಿಯಿತು. ಮಾರನೆಯ ದಿನ ಜವಳಿ ಅಂಗಡಿ ಬೀದಿಯಲ್ಲಿ ಬೇಕೆಂದೇ ಎರಡು ಸಲ ಬೆಲ್ ಬಾರಿಸಿಕೊಂಡು ಹೋದೆ.

ಆದರೆ ಮ್ಯಾನೇಜರು ಮ್ಯಾನೇಜರೇ. ಹೊಡೆದುಹಾಕಿದ ಪುಟವನ್ನೂ ಬಿಡದೆ ಓದಿ, ಭಟ್ಟರಿಗೆ ಒಂದು ಪತ್ರ ಬರೆದು, ಖುದ್ದಾಗಿ ಓದಿ ಹೇಳಿ ಬನ್ನಿ ಎಂದು ನನಗೆ ಆಜ್ಞೆ ಮಾಡಿದರು. ಪಾಲಿಸಿದಾರರು ಇನ್ನು ಮುಂದೆ ತಮ್ಮ ಕಾರಿನಲ್ಲಿ ಕೂತವರಿಂದ ತರಕಾರಿ, ಹಣ್ಣು, ಜೇನುತುಪ್ಪ ಮುಂತಾದ ಯಾವ ವಸ್ತುವನ್ನೂ ಸ್ವೀಕರಿಸಕೂಡದು. ಭಟ್ಟರು ಶ್ರದ್ಧೆಯಿಂದ ಕೇಳಿಸಿಕೊಂಡು, “ಆಯ್ತು, ಹಾಗೇ ಮಾಡೋಣ” ಎಂದು ಪತ್ರವನ್ನು ನನ್ನ ಕೈಗೇ ಕೊಟ್ಟು, ರಿಪೇರಿಯಾದ ಕಾರಿನಲ್ಲಿ ನನ್ನನ್ನು ಬಸ್ಸಿಗೆ ಬಿಡಲು ಬಂದರು.

ಬಸ್ಸು ಬಂತು. ಕಾರಿನ ಬಾಗಿಲು ತೆಗೆದ ನನಗೆ ಕಾಲು ಕೆಳಗಿಡಲು ಆಗಲಿಲ್ಲ. ಬರಿಗೈ. ಜೇಬು ಮುಟ್ಟಿ ನೋಡಿಕೊಂಡೆ, ಬ್ಯಾಗು ತಡಕಿದೆ, ಏನೂ ಇಲ್ಲ. ಕಂಡಕ್ಟರ್ ಸೀಟಿ ಊದುತ್ತಿದ್ದ. ಕೈಯಲ್ಲಿದ್ದದ್ದು ಮ್ಯಾನೇಜರ ಪತ್ರ ಒಂದೇ. ಅದನ್ನೇ ಸೀಟಿನ ಮೇಲಿಟ್ಟು, ಹಿಂತಿರುಗಿ ನೋಡದೆ ಓಡಿ ಬಸ್ಸು ಹತ್ತಿದೆ.

ಕಿಟಕಿಯಿಂದ ನೋಡಿದರೆ ಭಟ್ಟರು ಪತ್ರ ಎತ್ತಿ ಹಿಡಿದು ಕೂಗುತ್ತಿದ್ದರು:

“ಏಜೆಂಟ್ರೇ, ಇದನ್ನ ತಗೊಂಡ್ರೆ ಪಾಲಿಸಿಗೆ ಏನೂ ತೊಂದ್ರೆ ಇಲ್ಲ ತಾನೇ?”